ಮುನ್ನೂರು ಸಸಿಗಳೂ ಕ್ಷೇಮ

ರಾಯಚೂರು ನಗರದ ಅಂಗಳ ಮತ್ತು ಕೈತೋಟ ನಿರ್ವಹಣಾ ಉಪಕಚೇರಿಯ ಆವರಣದಲ್ಲಿ ಕಳೆದ ವರ್ಷ ಜೂನ್ ತಿಂಗಳಲ್ಲಿ ನೆಟ್ಟ ಮುನ್ನೂರು ಸಸಿಗಳ ಪೈಕಿ ಮುನ್ನೂರೂ ಬದುಕಿವೆ. ಒಂದಕ್ಕೂ ಹುಳ ಬಿದ್ದಿಲ್ಲ, ಒಂದನ್ನೂ ಆಡು ಮೇಯ್ದಿಲ್ಲ. ಸಸಿಗಳು ಕಲ್ಲಿನವಾಗಿರುವುದರಿಂದ ಇದು ಸಾಧ್ಯವಾಯಿತು ಎಂದು ಕೆಲವರು ಆಡಿಕೊಳ್ಳುತ್ತಾರೆ. ಕಚೇರಿಯು ಈ ಅಭಿಪ್ರಾಯವನ್ನು ಗಮನಿಸಿದೆ, ಆದರೆ ಒಪ್ಪಿಲ್ಲ.

ಇದನ್ನು ಬರೆಯುತ್ತಿರುವ ನಾನು ಮುದುಕಪ್ಪ, ಸದರಿ ಕಚೇರಿಯ ಪ್ರಥಮ ದರ್ಜೆ ಸಹಾಯಕ. ಇಪ್ಪತ್ತಾರು ವರ್ಷಗಳಿಂದ ಗಿಡಮರಗಳ ಬಗ್ಗೆ ಟಿಪ್ಪಣಿ ಬರೆಯುತ್ತಾ ಬಂದಿದ್ದೇನೆ. ಸಲಿಕೆ, ಗುದ್ದಲಿ, ಕುರುಪಿ, ಝಾರಿ ಎಂಬ ಪದಗಳನ್ನು ನನ್ನಷ್ಟು ಸಲ ಬರೆದವರು ಇಡೀ ಜಿಲ್ಲೆಯಲ್ಲಿ ಇರಲಾರರು. ಅವುಗಳನ್ನು ಕೈಯಲ್ಲಿ ಹಿಡಿಯುವ ಪ್ರಸಂಗ ಮಾತ್ರ ಬಂದಿಲ್ಲ. ಮನೆಯಲ್ಲಿ ತುಳಸಿಗೆ ನೀರು ಹಾಕಲು ಹೋದರೂ ನನ್ನ ಹೆಂಡತಿ ಶಿವಗಂಗಾ ತಂಬಿಗೆ ಕಸಿದುಕೊಳ್ಳುತ್ತಾಳೆ. "ನೀವು ಕೈ ಹಚ್ಚಬ್ಯಾಡ್ರಿ. ಪಾಪ, ಅದು ಬದುಕ್ಲಿ" ಎನ್ನುತ್ತಾಳೆ.

ನಮ್ಮ ಕಚೇರಿಯಲ್ಲಿ ಗಿಡ ಬೆಳೆಸಲು ಬರುವುದು ಹೀರಾಬಿ ಒಬ್ಬಳಿಗೇ. ಆದಕಾರಣ ಆಕೆಯ ಹುದ್ದೆಯೇ ಎಲ್ಲಕ್ಕಿಂತ ಕೆಳಗಿನದು. ಹದಿನೇಳು ವರ್ಷಗಳ ಹಿಂದೆ, ಗಂಡ ತೀರಿಕೊಂಡ ತಿಂಗಳಲ್ಲೇ, ದಿನಗೂಲಿಯ ಮಾಲಿಯಾಗಿ ಬಂದವಳು. ಬಂದ ಮೊದಲ ವಾರ ಚರಂಡಿಯ ಬದಿಯಲ್ಲಿ ಹುಟ್ಟಿದ್ದ ಗೇಣುದ್ದದ ಬೇವಿನ ಸಸಿಯೊಂದನ್ನು ಮಣ್ಣುಸಮೇತ ಎತ್ತಿ ತಂದು ಅಂಗಳದ ನಡುವೆ ಇಟ್ಟಳು. ಕಚೇರಿಯ ನಲ್ಲಿಯಲ್ಲಿ ನೀರು ಬರದ ದಿನ ಮನೆಯಿಂದ ಕೊಡದಲ್ಲಿ ತಂದು ಹಾಕಿದಳು. ಈಗ ಆ ಬೇವಿನ ನೆರಳಲ್ಲಿ ಗಿಲ್ಲೆಸುಗೂರಿನಿಂದ ಮೊದಲ ಬಸ್ಸಿಗೆ ಬಂದ ಅರ್ಜಿದಾರರು ಕೂತು ರೊಟ್ಟಿಗಂಟು ಬಿಚ್ಚುತ್ತಾರೆ. ಅಲ್ಲಿ ಸಾಹೇಬರ ಜೀಪು ನಿಲ್ಲುತ್ತದೆ. ನನ್ನ ಸ್ಕೂಟರೂ ನಿಲ್ಲುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಒಮ್ಮೆ ಕೂತವರಿಗೆ ಈ ಮರದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಕೆ ಕಳೆ ಕೀಳಲು ಬಳಸುವ ಕುರುಪಿಯೂ ಆಕೆಯ ಮನೆಯದೇ. ಕಚೇರಿಯಲ್ಲಿ ಉಪಕರಣಗಳಿಗೇನೂ ಕೊರತೆಯಿಲ್ಲ. ಒಂದು ಬೀರು ತುಂಬ ಇವೆ. ಆದರೆ ಉಪಕರಣ ಬೇಕಾದವರು ಮೂರು ದಿನ ಮೊದಲು ಅರ್ಜಿ ಕೊಡತಕ್ಕದ್ದು, ಅರ್ಜಿಯ ಜೊತೆ ಉಪಕರಣದ ಇತ್ತೀಚಿನ ಭಾವಚಿತ್ರ ಲಗತ್ತಿಸತಕ್ಕದ್ದು ಎಂಬ ನಿಯಮವಿದೆ. ಭಾವಚಿತ್ರ ತೆಗೆಯಲು ಬೀರು ತೆರೆಯಬೇಕು, ಬೀರು ತೆರೆಯಲು ಅರ್ಜಿ ಬೇಕು. ಈ ನಿಯಮ ರಚಿಸಿದವನು ನಾನೇ. ಅಂದಿನಿಂದ ಒಂದೇ ಒಂದು ಸಲಿಕೆಯೂ ಕಳುವಾಗಿಲ್ಲ.

ಇನ್ನು ಸಸಿಗಳ ವಿಷಯ. 'ನಮ್ಮ ಅಂಗಳ ನಮ್ಮ ಹಸಿರು' ಅಭಿಯಾನದಡಿ ಮುನ್ನೂರು ಗುಂಡಿ ತೋಡಿಸಿ, ಪ್ರತಿ ಗುಂಡಿಯ ಚಿತ್ರವನ್ನು ಅಭಿಯಾನದ ಆಪ್‌ಗೆ ಏರಿಸಲಾಯಿತು. ಮೇ ಎರಡನೇ ವಾರ ಲಾರಿಯಲ್ಲಿ ಹೊಂಗೆ, ನೇರಳೆ, ಹುಣಸೆಯ ಮುನ್ನೂರು ಸಸಿ ಬಂದವು. ಉದ್ಘಾಟಿಸುವ ಅತಿಥಿಗಳ ದಿನ ಇನ್ನೂ ಗೊತ್ತಾಗಿರಲಿಲ್ಲ. ಅತಿಥಿಗಳ ಅಮೃತಹಸ್ತಕ್ಕಿಂತ ಮೊದಲು ಸಸಿಗಳನ್ನು ಯಾರೂ ಮುಟ್ಟಬಾರದೆಂದು ನಾನು ಸುತ್ತೋಲೆ ಹೊರಡಿಸಿದೆ. ಹೀರಾಬಿ ಝಾರಿ ಹಿಡಿದು ಬಂದಳು.

"ಯಣ್ಣಾ, ಒಂದೀಟು ನೀರರೆ ಹಾಕ್ತೀನಿ. ಇಲ್ಲಂದ್ರ ನೆಳ್ಳಿಗರೆ ಸರಸ್ತೀನಿ."

"ನೆಳ್ಳಾಗ ಸಾಹೇಬರ ಜೀಪ್ ಅದ" ಎಂದೆ. ಸ್ಕೂಟರಿನ ಹೆಸರು ಎತ್ತಲಿಲ್ಲ.

ನಾಲ್ಕನೆಯ ದಿನಕ್ಕೆ ಮುನ್ನೂರೂ ಪೊರಕೆಕಡ್ಡಿಯಾದವು. ಐದನೆಯ ದಿನ ಅತಿಥಿಗಳ ದಿನಾಂಕ ಬಂತು.

ನಮ್ಮ ಸಹಾಯಕ ನಿರ್ದೇಶಕರಾದ ಪಂಪಾಪತಿ ಸಾಹೇಬರು ಇಂಥ ಹೊತ್ತಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂರುವವರಲ್ಲ. ಮಾನ್ವಿ ರಸ್ತೆಯಲ್ಲಿ ಅವರ ಷಡ್ಡಕರದೊಂದು ಅಲಂಕಾರಿಕ ಕಲ್ಲಿನ ಅಂಗಡಿಯಿದೆ. ಕಲ್ಲೂರಿನ ಕಡೆ ರೈತರು ಹೊಲ ಹಸನು ಮಾಡುವಾಗ ಬೆಣಚುಕಲ್ಲುಗಳನ್ನು ಆರಿಸಿ ಬದುವಿಗೆ ಎಸೆದಿರುತ್ತಾರೆ. ಷಡ್ಡಕರು ಟ್ರ್ಯಾಕ್ಟರ್ ತಂದು ಅವನ್ನು ಒಯ್ಯುತ್ತಾರೆ. ಪೀಡೆ ತೊಲಗಿತೆಂದು ರೈತರೇ ಕೈಹಚ್ಚಿ ಟ್ರ್ಯಾಕ್ಟರ್ ತುಂಬಿಸಿ, ಮೇಲೆ ಮಜ್ಜಿಗೆಯನ್ನೂ ಕೊಡುತ್ತಾರೆ. ಅದೇ ಕಲ್ಲು ಅಂಗಡಿಯಲ್ಲಿ ಆಸಿಡ್‌ ಸ್ನಾನ ಮಾಡಿ ಬೆಳ್ಳಗಾಗಿ, 'ಹಿಮಾಲಯನ್ ವೈಟ್' ಎಂಬ ಹೆಸರು ಪಡೆದು, ಸರ್ಕಾರಿ ಕಚೇರಿಗಳಿಗೆ ಹೋಗುತ್ತದೆ.

"ಗುಂಡಿ ಅದಾವ, ಅತಿಥಿ ಬರಾಕತ್ತಾರ. ಗುಂಡಿಯಾಗ ಏನರೆ ಇಡಬೇಕಲ್ಲ ಮುದುಕಪ್ಪ?" ಎಂದರು ಸಾಹೇಬರು.

"ಇಡಬೇಕ್ರಿ ಸರ್."

"ಕಲ್ಲು ಇಡ್ರಿ. ಬಾಡಂಗಿಲ್ಲ."

ಹೀಗೆ ತೆಂಗಿನಕಾಯಿ ಗಾತ್ರದ ಮುನ್ನೂರು ಬೆಣಚುಕಲ್ಲುಗಳು ಮುನ್ನೂರು ಗುಂಡಿಗಳಲ್ಲಿ ಅರ್ಧ ಹೂತು ಕುಳಿತವು. ಅತಿಥಿಗಳು ಒಂದು ಕಲ್ಲಿನ ಬುಡಕ್ಕೆ ಮಣ್ಣು ಎಳೆದು, ನೀರು ಹಾಕಿ, ಕೈ ತೊಳೆದುಕೊಂಡು, ಪರಿಸರದ ಬಗ್ಗೆ ಮುಕ್ಕಾಲು ತಾಸು ಮಾತಾಡಿ ಹೋದರು. ತಾವು ನೆಟ್ಟದ್ದು ಏನೆಂದು ಕೇಳಲಿಲ್ಲ. ಕೇಳಿದ್ದರೆ ನಾನು ಸಿದ್ಧಪಡಿಸಿದ ಉತ್ತರ ಎರಡು ಪುಟ ಇತ್ತು.

ಮರುದಿನ ಬೆಳಿಗ್ಗೆ ಆಪ್‌ ತುಂಬಲು ಕೂತೆ. ಅದರಲ್ಲಿ ಕಲ್ಲಿಗೆ ಜಾಗವಿರಲಿಲ್ಲ. ಹೊಂಗೆ, ಬೇವು, ನೇರಳೆ, ಇತರೆ ಎಂದಷ್ಟೇ ಇತ್ತು. 'ಇತರೆ' ಒತ್ತಿದೆ. ಎತ್ತರ: ಅರ್ಧ ಅಡಿ. ಹೂವಿನ ಬಣ್ಣ: ಬಿಳಿ. ಮಧ್ಯಾಹ್ನ ಉಗ್ರಾಣದ ಹೆಚ್ಚುವರಿ ಪ್ರಭಾರವೂ ನನ್ನದೇ ಆಗಿದ್ದರಿಂದ, ಷಡ್ಡಕರ ಅಂಗಡಿಯಿಂದ ಲಾರಿಯಲ್ಲಿ ಬಂದ ಮಾಲನ್ನು ಜಡವಸ್ತು ದಾಸ್ತಾನು ವಹಿಯಲ್ಲಿ ದಾಖಲಿಸಿದೆ. 'ಅಲಂಕಾರಿಕ ಕಲ್ಲು, ಒಂದು ಲಾರಿ' ಎಂದು ಬರೆಯಬೇಕಿತ್ತು. ಅಂಕಣ ಸಣ್ಣದು, 'ಅಲಂಕಾರಿಕ ಕಲ್ಲು, ಒಂದು' ಎಂದು ಮುಗಿಸಿದೆ. ಬೆಳಿಗ್ಗೆ ನಾನು ಬರೆದದ್ದನ್ನು ಮಧ್ಯಾಹ್ನ ನಾನು ಓದುವ ಪದ್ಧತಿ ನಮ್ಮಲ್ಲಿಲ್ಲ.

ಸಸಿ ಎಂದ ಮೇಲೆ ಅದಕ್ಕೆ ಋತುವಾರು ಕೆಲಸಗಳ ವೇಳಾಪಟ್ಟಿ ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಎರಡು ಹೊತ್ತು ನೀರು, ಮುಂಗಾರಿಗೆ ಮೊದಲು ಬುಡದ ಮಣ್ಣು ಸಡಿಲಿಸುವುದು, ಶ್ರಾವಣದಲ್ಲಿ ಕಳೆ ತೆಗೆಯುವುದು, ದೀಪಾವಳಿಯ ನಂತರ ರೆಂಬೆ ಕತ್ತರಿಸುವುದು, ಡಿಸೆಂಬರಿನಲ್ಲಿ ಹಿಮದಿಂದ ರಕ್ಷಣೆ.

"ಯಣ್ಣಾ, ಕಲ್ಲಿಗೆ ನೀರು ಹಾಕು ಅಂತೀರಲ್ಲ. ಮಂದಿ ನೋಡಿ ನಗಾಕತ್ತಾರ" ಎಂದಳು ಹೀರಾಬಿ.

"ಮಂದಿ ನಕ್ಕದ್ದನ್ನ ಬರಿಯಾಕ ಆಪ್‌ನಾಗ ಜಾಗ ಇಲ್ಲ ಹೀರಾಬಿ. ನೀರು ಹಾಕಿದ್ದು ಬರಿಯಾಕ ಅದ."

ಆಕೆ ಹಾಕಿದಳು. ಕಲ್ಲಿನ ಮೇಲೆ ಮಳೆ ಸುರಿದಂತೆ ಎಂಬ ಮಾತನ್ನು ಹಿರಿಯರು ದಂಡದ ಕೆಲಸಕ್ಕೆ ಹೇಳುತ್ತಿದ್ದರು. ಅವರ ಕಾಲದಲ್ಲಿ ಮಾಸಿಕ ಪ್ರಗತಿ ವರದಿ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ನಿಯಮ ಸಡಿಲಿಸಿ ನಾನೇ ಬೀರಿನಿಂದ ಹೊಸ ಕತ್ತರಿ ತೆಗೆದುಕೊಟ್ಟೆ. ಕತ್ತರಿಸಲು ಏನೂ ಇಲ್ಲದ್ದರಿಂದ ಪ್ರತಿ ಕಲ್ಲಿನ ನೆತ್ತಿಯ ಮೇಲೆ ಮೂರು ಸಲ ಗಾಳಿಯಲ್ಲಿ ಕತ್ತರಿ ಆಡಿಸುವುದೆಂದು ತೀರ್ಮಾನವಾಯಿತು. ಹೀರಾಬಿ ಎರಡು ದಿನ ಆಡಿಸಿದಳು. ನಾನು ಜೊತೆಗೆ ನಿಂತು ಎಣಿಸಿದೆ. ಡಿಸೆಂಬರಿನಲ್ಲಿ ಅಕ್ಕಿ ಗಿರಣಿಯಿಂದ ಗೋಣಿಚೀಲ ತರಿಸಿ ಮುನ್ನೂರಕ್ಕೂ ಹೊದಿಸಿದೆವು. ರಾಯಚೂರಿನಲ್ಲಿ ಈವರೆಗೆ ಹಿಮ ಬಿದ್ದದ್ದನ್ನು ಯಾರೂ ಕಂಡಿಲ್ಲ. ಹಾಗಾಗಿ ಆ ವರ್ಷವೂ ನಮ್ಮ ಕಲ್ಲುಗಳಿಗೆ ಹಿಮದಿಂದ ಯಾವ ಹಾನಿಯೂ ಆಗಲಿಲ್ಲ.

ಆಪ್‌ಗೆ ಒಂದು ಗುಣವಿತ್ತು. ಹಿಂದಿನ ತಿಂಗಳಷ್ಟೇ ಎತ್ತರ ತುಂಬಿದರೆ 'ಬೆಳವಣಿಗೆ ಶೂನ್ಯ, ಸ್ವೀಕರಿಸಲಾಗದು' ಎಂದು ಕೆಂಪಗಾಗುತ್ತಿತ್ತು. ಹೀಗಾಗಿ ತಿಂಗಳಿಗೆ ಎರಡು ಬೆರಳಿನಷ್ಟು ಏರಿಸುತ್ತಾ ಹೋದೆ. ಯುಗಾದಿಯ ಹೊತ್ತಿಗೆ ನಮ್ಮ ಕಲ್ಲುಗಳು ಎರಡಡಿ ದಾಟಿದ್ದವು. ಮನೆಯಲ್ಲಿ ಈ ಸಂಗತಿ ಹೇಳಿದಾಗ ಶಿವಗಂಗಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಂತೂ ನಿಮ್ಮ ಕೈಯಾಗೂ ಒಂದು ಬೆಳೀತು ಬಿಡ್ರಿ" ಎಂದಳು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯೇ ಆಯಿತು.

ಅಭಿಯಾನದ ಫಲಿತಾಂಶ ಬಂದಾಗ ಉಳಿದ ಕಚೇರಿಗಳಲ್ಲಿ ನೂರಕ್ಕೆ ಮೂವತ್ತು ಸಸಿ ಉಳಿದಿದ್ದರೆ ಹೆಚ್ಚು. ನಮ್ಮದು ನೂರಕ್ಕೆ ನೂರು. 'ರಾಯಚೂರು ಮಾದರಿ' ಎಂಬ ಹೆಸರು ಬಂತು, ಪ್ರಶಸ್ತಿಗೂ ಶಿಫಾರಸಾಯಿತು. ದೇವದುರ್ಗ ಮತ್ತು ಮಾನ್ವಿಯ ಕಚೇರಿಗಳು ಇದೇ ಮಾದರಿ ಅನುಸರಿಸಬೇಕೆಂದು ಆದೇಶವಾಯಿತು. ಷಡ್ಡಕರು ಇನ್ನೆರಡು ಟ್ರ್ಯಾಕ್ಟರ್ ಹಚ್ಚಿದರು. ಮಾನ್ವಿ ಕಚೇರಿಯ ಸಹಾಯಕಿ ಗುರುಶಾಂತಮ್ಮನವರು ಫೋನು ಮಾಡಿದರು.

"ಮುದುಕಪ್ಪನೋರ, ನಿಮ್ಮವು ಎರಡಡಿ ಆಗ್ಯಾವಂತಲ್ರಿ. ನಮ್ಮವು ಇಟ್ಟಂಗ ಅದಾವ. ಗೊಬ್ಬರ ಏನು ಹಾಕೀರಿ?"

"ಪ್ರತಿ ತಿಂಗಳು ಐದನೇ ತಾರೀಖಿನೊಳಗ ವರದಿ ಹಾಕ್ರಿ. ತಾವಾ ಬೆಳೀತಾವ" ಎಂದೆ.

ಪ್ರಶಸ್ತಿ ಕೊಡುವ ಮೊದಲು ವಿಭಾಗೀಯ ಕಚೇರಿಯ ಪರಿವೀಕ್ಷಕಿ ಶೈಲಜಾ ಮೇಡಂ ಖುದ್ದಾಗಿ ಬಂದು ನೋಡುವುದೆಂದು ಗೊತ್ತಾಯಿತು. ಜೂನ್ ಎರಡನೇ ತಾರೀಖು. ತೊಂದರೆ ಶುರುವಾದದ್ದು ಇಲ್ಲಿಂದ. ಆ ಕಾಲಕ್ಕೆ ಬೇವಿನ ಹಣ್ಣು ಉದುರುತ್ತವೆ. ಬೆಳ್ಳನೆಯ ಕಲ್ಲುಗಳ ಮೇಲೆ ಹಳದಿ ಕಲೆ. ಹೀರಾಬಿ ದಿನಾ ತಿಕ್ಕಿ ತೊಳೆಯುವಳು, ಬೇವು ದಿನಾ ಉದುರಿಸುವುದು. ಪಂಪಾಪತಿ ಸಾಹೇಬರು ಒಂದು ಬೆಳಿಗ್ಗೆ ನನ್ನನ್ನು ಕರೆದರು.

"ಈ ಗಿಡ ಯಾರು ಹಚ್ಚಿದ್ದು? ನಮ್ಮ ದಾಖಲೆದಾಗ ಅದ?"

"ಇಲ್ರಿ ಸರ್."

"ಹಂಗಾದ್ರ ಕಡಸ್ರಿ. ಮೇಡಂ ಬರೂದ್ರಾಗ ಆಗಬೇಕು."

ಕರಡು ನಾನೇ ಬರೆದೆ. 'ವಿಷಯ: ದಾಖಲೆರಹಿತ ಬೇವಿನ ಮರವು ದಾಖಲಿತ ಸಸಿಗಳ ಮೇಲೆ ಹಣ್ಣು ಉದುರಿಸುತ್ತಿರುವ ಬಗ್ಗೆ. ಸದರಿ ಮರವು ಯಾವುದೇ ಅರ್ಜಿ ಸಲ್ಲಿಸದೆ ಹದಿನೇಳು ವರ್ಷಗಳಿಂದ ಆವರಣದಲ್ಲಿ ಬೆಳೆಯುತ್ತಿರುವುದು ಕಚೇರಿಯ ಗಮನಕ್ಕೆ ಬಂದಿದ್ದು, ಪರಿಸರ ಸಂರಕ್ಷಣೆಯ ಹಿತದೃಷ್ಟಿಯಿಂದ ಅದನ್ನು ಕಡಿಯತಕ್ಕದ್ದು.' ಚೆನ್ನಾಗಿ ಬಂದಿದೆ ಎಂದು ಎರಡು ಸಲ ಓದಿಕೊಂಡೆ. ಆಮೇಲೆ ಕಿಟಕಿಯಿಂದ ಹೊರಗೆ ನೋಡಿದೆ. ಹೀರಾಬಿ ಮರದ ಬುಡದಲ್ಲಿ ಕೂತು ಒಂದು ಕಲ್ಲನ್ನು ಸೆರಗಿನಿಂದ ಒರೆಸುತ್ತಿದ್ದಳು.

ಸುದ್ದಿ ತಿಳಿದು ಆಕೆ ನನ್ನ ಮೇಜಿನ ಮುಂದೆ ಬಂದು ನಿಂತಳು. ಹದಿನೇಳು ವರ್ಷಗಳಲ್ಲಿ ಒಂದು ದಿನವೂ ಆಕೆ ಕಚೇರಿಯ ಹೊಸ್ತಿಲು ದಾಟಿ ಒಳಗೆ ಬಂದವಳಲ್ಲ.

"ಯಣ್ಣಾ, ನಮ್ಮ ಮನಿಯವರು ತೀರಿಹೋದ ತಿಂಗಳದಾಗ ಹಚ್ಚಿದ ಗಿಡ ಅದು. ಮಕ್ಕಳಿಲ್ಲ ಮರಿಯಿಲ್ಲ ನನಗ. ದಿನಾ ಅದರ ಮಾರಿ ನೋಡಿ ಕೆಲ್ಸಕ್ಕ ಬರ್ತೀನಿ. ಅದನ್ನ ಕಡಿಬ್ಯಾಡ್ರಿ."

"ದಾಖಲೆದಾಗ ಇಲ್ಲ ಹೀರಾಬಿ."

"ಬರೀರಿ ಮತ್ತ. ನೀವಾ ಬರಿಯವರಲ್ಲ?"

ಬರೆಯಬಹುದಿತ್ತು. ಆದರೆ ನಮಗೆ ಮಂಜೂರಾದದ್ದು ಮುನ್ನೂರೇ ಸಸಿ. ಮುನ್ನೂರ ಒಂದನೆಯದನ್ನು ಆಪ್‌ ಒಪ್ಪುವುದಿಲ್ಲ. ಒಂದು ಸಸಿ ಸತ್ತರೆ ಮಾತ್ರ ಅದರ ಜಾಗಕ್ಕೆ ಇನ್ನೊಂದನ್ನು ಸೇರಿಸಬಹುದು. ಇದನ್ನು ಆಕೆಗೆ ತಿಳಿಸಿ ಹೇಳಿದೆ. ಹೀರಾಬಿ ಕಿಟಕಿಯಾಚೆಯ ಕಲ್ಲಿನ ಸಾಲಿನತ್ತ ಕೈ ತೋರಿಸಿದಳು.

"ಹಂಗಾದ್ರ ಒಂದು ಕಲ್ಲು ಸಾಯಿಸ್ರಿ ಯಣ್ಣಾ. ಮುನ್ನೂರು ಅದಾವ. ಒಂದು ಸತ್ರ ಏನಾತು?"

ನಾನು ಸಾಹೇಬರ ಕೋಣೆಗೆ ಹೋಗಿ, ಬಾಗಿಲ ಬಳಿಯ ಇನ್ನೂರ ಹನ್ನೊಂದನೆಯ ಕಲ್ಲಿಗೆ ಹುಷಾರಿಲ್ಲವೆಂದು ಅರಿಕೆ ಮಾಡಿಕೊಂಡೆ. ಸಾಹೇಬರ ಮುಖ ಬಿಳಿಚಿತು.

"ಏನಾಗ್ಯದ?"

"ಬಾಡಾಕತ್ಯದ್ರಿ ಸರ್. ಉಳಿಯೂದು ಕಷ್ಟ."

"ಮುದುಕಪ್ಪ, ನೂರಕ್ಕ ನೂರು ಅಂತ ಹೇಳಿವಿ. ಒಂದು ಸತ್ರೂ ಪ್ರಶಸ್ತಿ ಹೋತು. ಹೆಂಗರೆ ಮಾಡಿ ಬದುಕಿಸ್ರಿ. ಬೇಕಂದ್ರ ಅದಕ್ಕ ಮೂರು ಹೊತ್ತು ನೀರು ಹಾಕ್ರಿ."

ಆ ಕಲ್ಲಿಗೆ ಮೂರು ಹೊತ್ತು ನೀರು ಹಾಕಲಾಯಿತು. ಅದು ಚೇತರಿಸಿಕೊಂಡಿತೆಂದು ನಾನೇ ವರದಿ ಕೊಟ್ಟೆ. ಮರ ಕಡಿಯುವ ಆದೇಶದ ಕೆಳಗೆ ಸಹಿಯನ್ನೂ ಹಾಕಿದೆ. ನನಗೆ ನಾಚಿಕೆಯಾಯಿತು, ಆದರೆ ನಾಚಿಕೆಯಿಂದ ಸಹಿ ಕೆಡಲಿಲ್ಲ, ಎಂದಿನಂತೆ ದುಂಡಗೇ ಬಂತು.

ಜೂನ್ ಎರಡರ ಬೆಳಿಗ್ಗೆ ಎಂಟಕ್ಕೆ ಮರ ಕಡಿಯುವ ಸತ್ತಾರ್ ಸಾಬ್ ಕೊಡಲಿ, ಹಗ್ಗ ತೆಗೆದುಕೊಂಡು ಬಂದ. ಹೀರಾಬಿ ಅಳಲಿಲ್ಲ, ಅಡ್ಡವೂ ಬರಲಿಲ್ಲ. ಕಾಂಡಕ್ಕೆ ಬೆನ್ನು ಆನಿಸಿ ಕೂತಳು, ಅಷ್ಟೇ. ಸತ್ತಾರ್ ಸಾಬ್ ಒಂದು ಟೊಂಗೆಗೆ ಹಗ್ಗ ಕಟ್ಟಿ, "ಏಳು ಆಪಾ" ಎಂದು ಅಕ್ಕನನ್ನು ಕರೆದಂತೆ ಕರೆದ. ಆಕೆ ಏಳಲಿಲ್ಲ. ಅವನು ಬೀಡಿ ಹಚ್ಚಿದ. ಅಷ್ಟರಲ್ಲಿ, ಹತ್ತಕ್ಕೆ ಬರಬೇಕಿದ್ದ ಶೈಲಜಾ ಮೇಡಂ ಅವರ ಕಾರು ಎಂಟೂವರೆಗೇ ಗೇಟಿನೊಳಗೆ ಬಂತು.

ಮೇಡಂ ಇಳಿದು, ಛತ್ರಿಯ ಕೆಳಗೆ ಮುನ್ನೂರು ಕಲ್ಲುಗಳ ಸಾಲನ್ನು ನೋಡಿದರು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಬಿಳಿಕಲ್ಲುಗಳಿಂದ ರೊಟ್ಟಿ ಹೆಂಚಿನಂಥ ಝಳ ಏಳುತ್ತಿತ್ತು.

"ಎತ್ತರ ಎರಡಡಿ ಅಂತ ಬರದೀರಿ. ಇವು ಗೇಣುದ್ದಾನೂ ಇಲ್ಲ."

"ಉಳಿದದ್ದು ಬೇರು ಮೇಡಂ" ಎಂದರು ಪಂಪಾಪತಿ ಸಾಹೇಬರು.

ಮೇಡಂ ಬರೆದುಕೊಂಡರು. ಹತ್ತು ಹೆಜ್ಜೆ ನಡೆಯುವುದರಲ್ಲಿ ಅವರ ಹಣೆಯಿಂದ ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿತು. ಯಾರೂ ಹೇಳದೆ ಅವರು ನೆಟ್ಟಗೆ ಬೇವಿನ ಕೆಳಗೆ ಹೋಗಿ ನಿಂತರು. ನಾನು ಓಡಿಹೋಗಿ ಕುರ್ಚಿ ತಂದೆ. ಕೂತರು. ಒಂದು ನಿಟ್ಟುಸಿರು ಬಿಟ್ಟು, ಮೇಲೆ ನೋಡಿ, "ಇದೇನು ಹಗ್ಗ?" ಎಂದರು.

"ಅಲಂಕಾರ ಮೇಡಂ" ಎಂದರು ಸಾಹೇಬರು.

"ವಹಿಗಳನ್ನ ತರ್ರಿ. ಇಲ್ಲೇ ನೋಡ್ತೀನಿ."

ನಾನು ಸಸಿಗಳ ವಹಿ ಮತ್ತು ದಾಸ್ತಾನಿನ ವಹಿ ಎರಡನ್ನೂ ತಂದೆ. ಮೇಡಂ ಸಸಿಗಳ ಪಟ್ಟಿ ನೋಡಿ ತಲೆಯಾಡಿಸಿದರು. ಆಮೇಲೆ ಜಡವಸ್ತು ದಾಸ್ತಾನು ವಹಿ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಅಲಂಕಾರಿಕ ಕಲ್ಲು, ಒಂದು. ಹೋದ ವರ್ಷ ಜೂನ್‌ದಾಗ ಬಂದದ. ಎಲ್ಲಿ ಅದ ಈ ಕಲ್ಲು?"

ಸುತ್ತ ಮುನ್ನೂರು ಕಲ್ಲುಗಳಿದ್ದವು. ಆದರೆ ಅವು ಸಸಿಗಳು. ಅವುಗಳಲ್ಲಿ ಒಂದನ್ನು ಕಲ್ಲೆಂದು ತೋರಿಸಿದರೆ ಸಸಿ ಒಂದು ಕಡಿಮೆಯಾಗುತ್ತದೆ, ಪ್ರಶಸ್ತಿ ಹೋಗುತ್ತದೆ. ತೋರಿಸದಿದ್ದರೆ ಸರ್ಕಾರಿ ಕಲ್ಲು ಕಾಣೆಯಾದಂತೆ, ಉಗ್ರಾಣದ ಪ್ರಭಾರದಲ್ಲಿದ್ದ ನನ್ನ ಅಮಾನತ್ತು. ಅತ್ತ ದರಿ, ಇತ್ತ ಪುಲಿ. ಸಾಹೇಬರು ನನ್ನನ್ನು ನೋಡಿದರು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ಸರ್ಕಾರಿ ಕಲ್ಲು ಎಲ್ಲಿ ಅಂತ ಕೇಳಾಕತ್ತೀನಿ" ಎಂದರು ಮೇಡಂ.

ಬುಡದಲ್ಲಿ ಕೂತಿದ್ದ ಹೀರಾಬಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಬೇವಿನ ಕಾಂಡದ ಮೇಲೆ ಅಂಗೈ ಇಟ್ಟಳು.

"ಇದಾ ನೋಡ್ರಿ ಅಮ್ಮಾರ, ಆ ಕಲ್ಲು."

ಸತ್ತಾರ್ ಸಾಬನ ಬೀಡಿ ಬಾಯಲ್ಲೇ ನಿಂತಿತು. ಮೇಡಂ ಕಾಂಡವನ್ನು ನೋಡಿದರು. ಟೊಂಗೆ ನೋಡಿದರು. ಎಲೆ ನೋಡಿದರು. ಒಂದು ಬೇವಿನ ಹಣ್ಣು ತೆರೆದ ವಹಿಯ ಮೇಲೆ, ಸರಿಯಾಗಿ ಆ ಸಾಲಿನ ಪಕ್ಕದಲ್ಲೇ ಬಿತ್ತು. ತಂಪು ಗಾಳಿ ಒಮ್ಮೆ ಸುಳಿಯಿತು. ಮೇಡಂ ಕಣ್ಣು ಮುಚ್ಚಿ ತೆರೆದರು.

"ಇದು ಕಲ್ಲೇನ್ರಿ?" ಎಂದು ನನ್ನನ್ನು ಕೇಳಿದರು.

ಇಪ್ಪತ್ತಾರು ವರ್ಷ ನಾನು ಬರೆದ ಸುಳ್ಳುಗಳೆಲ್ಲ ಯಾವುದೋ ಒಂದು ಗಿಡ ಒಣಗಿಸಲು ಬಳಕೆಯಾದವು. ಒಂದನ್ನು ಬದುಕಿಸಲು ಹೇಳುವ ಅವಕಾಶ ಮೊದಲ ಸಲ ಬಂದಿತ್ತು.

"ಹೌದ್ರಿ ಮೇಡಂ. ಅಲಂಕಾರಿಕ ಕಲ್ಲು. ಹಸರು ಜಾತಿದು."

"ಹಣ್ಣು ಬಿಡ್ತದ?"

"ಸೀಸನ್‌ದಾಗ ಬಿಡ್ತದ್ರಿ."

ಮೇಡಂ ಬರೆದರು: 'ಅಲಂಕಾರಿಕ ಕಲ್ಲು, ಒಂದು. ಬಣ್ಣ ಹಸಿರು. ಸುಸ್ಥಿತಿಯಲ್ಲಿದೆ. ಜಡವಸ್ತುವಾದ್ದರಿಂದ ಕೇಂದ್ರ ಕಚೇರಿಯ ಲಿಖಿತ ಅನುಮತಿಯಿಲ್ಲದೆ ಇದನ್ನು ಸ್ಥಳಾಂತರಿಸುವುದಾಗಲಿ, ತುಂಡರಿಸುವುದಾಗಲಿ ಮಾಡತಕ್ಕದ್ದಲ್ಲ.' ಕೇಂದ್ರ ಕಚೇರಿಯಿಂದ ಲಿಖಿತ ಅನುಮತಿ ಪಡೆದವರು ನಮ್ಮ ಇಲಾಖೆಯಲ್ಲಿ ಈವರೆಗೆ ಯಾರೂ ಇಲ್ಲ. ಇದು ಮೇಡಂ ಅವರಿಗೂ ಗೊತ್ತಿತ್ತೆಂದು ನನ್ನ ಅನುಮಾನ. ಸಹಿ ಹಾಕುವಾಗ ಅವರ ತುಟಿಯಂಚು ಸ್ವಲ್ಪ ಅಲುಗಿತು. ಮುಂದೆ ಅವರು ಮಧ್ಯಾಹ್ನದವರೆಗೆ ಕಲ್ಲಿನ ಕೆಳಗೇ ಕೂತು ಉಳಿದ ವಹಿಗಳನ್ನೂ ನೋಡಿದರು, ಬುತ್ತಿಯನ್ನೂ ಅಲ್ಲೇ ತರಿಸಿಕೊಂಡರು.

ಸತ್ತಾರ್ ಸಾಬ್ ಹಗ್ಗ ಬಿಚ್ಚಿಕೊಂಡು, "ಕಲ್ಲು ಕಡಿಯೂ ಕೆಲ್ಸ ನಂದಲ್ಲಪ್ಪ, ಅದಕ್ಕ ಬ್ಯಾರೆ ಮಂದಿ ಅದಾರ" ಎಂದು ಹೊರಟುಹೋದ.

ಪ್ರಶಸ್ತಿ ಬಂತು. ಫಲಕ ಸಾಹೇಬರ ಮೇಜಿನ ಮೇಲಿದೆ. ಕಲ್ಲಿಗೆ ನೀರು ಹಾಕುವುದು ನಿಯಮಬಾಹಿರವಾದ್ದರಿಂದ ಬೇವಿಗೆ ನೀರು ಹಾಕುವಂತಿಲ್ಲ. ಹೀರಾಬಿ ಬುಡದ ಸುತ್ತಲಿನ ಒಂಬತ್ತು ಸಸಿಗಳಿಗೆ ಧಾರಾಳವಾಗಿ ಹಾಕುತ್ತಾಳೆ, ನೀರು ಎತ್ತ ಹರಿಯಬೇಕೋ ಅತ್ತ ಹರಿಯುತ್ತದೆ. 'ರಾಯಚೂರು ಮಾದರಿ'ಯಲ್ಲಿ ಹಸಿರು ಜಾತಿಯ ಅಲಂಕಾರಿಕ ಕಲ್ಲನ್ನೂ ಸೇರಿಸಲಾಗಿದ್ದು, ಅಂಥದ್ದು ತಮ್ಮಲ್ಲಿ ಸಿಗುವುದಿಲ್ಲವೆಂದು ಷಡ್ಡಕರು ಲಿಖಿತವಾಗಿ ವಿಷಾದಿಸಿದ್ದಾರೆ. ದೇವದುರ್ಗದವರು ಬೇರೆ ದಾರಿ ಕಾಣದೆ ಚರಂಡಿ ಬದಿಯಲ್ಲಿ ಹುಡುಕಿ ನಾಲ್ಕು ಕಲ್ಲು ತಂದು ನೆಟ್ಟಿದ್ದಾರಂತೆ. ಮೊನ್ನೆ ಮಾನ್ವಿಯಿಂದ ಗುರುಶಾಂತಮ್ಮನವರ ಫೋನು ಬಂದಿತ್ತು. ದನಿಯಲ್ಲಿ ಸಂತೋಷವಿತ್ತು.

"ಮುದುಕಪ್ಪನೋರ, ನಮ್ಮ ಕಲ್ಲು ಎರಡು ಎಲಿ ಒಡದದ ನೋಡ್ರಿ!"

ನಿನ್ನೆ ಗಿಲ್ಲೆಸುಗೂರಿನಿಂದ ಒಬ್ಬ ಮುದುಕ ಅರ್ಜಿ ಹಿಡಿದು ಬಂದ. ಸಾಹೇಬರು ಬರಲು ಇನ್ನೂ ಎರಡು ತಾಸಿತ್ತು. ಎಲ್ಲಿ ಕೂಡಲಿ ಯಪ್ಪಾ ಎಂದು ಕೇಳಿದ. ನಾನು ವಹಿಯಿಂದ ತಲೆ ಎತ್ತದೆ, "ಆ ಕಲ್ಲಿನ ನೆಳ್ಳಾಗ ಕೂಡ್ರಿ" ಎಂದೆ. ಯಾವ ಕಲ್ಲು ಎಂದು ಅವನು ಕೇಳಲಿಲ್ಲ. ನೆಟ್ಟಗೆ ಹೋಗಿ ಬೇವಿನ ಬುಡದಲ್ಲಿ ಕೂತು, ಹೀರಾಬಿಯ ಪಕ್ಕ ರೊಟ್ಟಿಗಂಟು ಬಿಚ್ಚಿದ.